ಕುಸುಮರೋಗ: ಒಂದು ವೈದ್ಯಕೀಯ ಪದದ ಅರ್ಥಪಲ್ಲಟ

ಹಿಮೋಫಿಲಿಯ ಎಂಬ ವಂಶವಾಹಿ ವ್ಯಾಧಿಗೆ ಕನ್ನಡದಲ್ಲಿ ಇಂದು ರೂಢಿಯಲ್ಲಿರುವ ಹೆಸರು ‘ಕುಸುಮರೋಗ’. ಪತ್ರಿಕೆಗಳಲ್ಲಿ, ವಿಜ್ಞಾನದ ಪಠ್ಯಗಳಲ್ಲಿ, ಆರೋಗ್ಯ ಪ್ರಚಾರ ಸಾಹಿತ್ಯದಲ್ಲಿ ಈ ಪದ ಗಟ್ಟಿಯಾಗಿ ನೆಲೆಯೂರಿದೆ. ಇತರ ಅನೇಕ ವ್ಯಾಧಿಗಳ ವಿಷಯದಲ್ಲಿ ಇಂಗ್ಲಿಷ್ ಪದವೇ ಕನ್ನಡ ಲಿಪಿಯಲ್ಲಿ ಉಳಿದುಕೊಂಡಿರುವಾಗ, ಈ ಒಂದು ವ್ಯಾಧಿಗೆ ಮಾತ್ರ ಇಷ್ಟು ಮೃದುವಾದ, ಕಿವಿಗೆ ಇಂಪಾದ ದೇಶೀಯ ಹೆಸರು ದೊರೆತಿರುವುದು ಕುತೂಹಲಕಾರಿಯಾದ ಸಂಗತಿ. ಆದರೆ ಹೂವಿಗೂ ರಕ್ತಕ್ಕೂ ಏನು ಸಂಬಂಧ? ಈ ರೋಗವುಳ್ಳ ಮಗು ಹೂವಿನಂತೆ ನಾಜೂಕು, ಮುಟ್ಟಿದರೆ ನಲುಗುತ್ತದೆ, ಆದುದರಿಂದ ಕುಸುಮರೋಗ ಎಂದು ಸಮಾಧಾನ ಹೇಳಿಕೊಳ್ಳುವುದು ಸುಲಭ. ಈ ಲೇಖಕನೂ ಬಹುಕಾಲ ಹಾಗೆಯೇ ಭಾವಿಸಿದ್ದನು. ಪದದ ಪೂರ್ವಚರಿತ್ರೆಯನ್ನು ಪರಿಶೀಲಿಸಿದರೆ ಈ ಸಮಾಧಾನ ನಿಲ್ಲುವುದಿಲ್ಲ. ‘ಕುಸುಮ’ ಎಂಬುದು ಇಲ್ಲಿ ನಾಜೂಕುತನದ ಉಪಮಾನವಾಗಿ ಬಂದುದಲ್ಲ. ಅದು ಸ್ತ್ರೀಯರ ಋತುಸ್ರಾವವನ್ನು ಹೇಳುತ್ತಿದ್ದ ಹಳೆಯ ಸೌಮ್ಯೋಕ್ತಿ. ಹೆಂಗಸರ ರಕ್ತಸ್ರಾವಕ್ಕೆ ಮೀಸಲಾಗಿದ್ದ ಒಂದು ಪದ ಬಹುಮಟ್ಟಿಗೆ ಗಂಡಸರಲ್ಲಿ ಕಾಣಿಸಿಕೊಳ್ಳುವ ಒಂದು ರೋಗದ ಹೆಸರಾಗಿ ಪಲ್ಲಟಗೊಂಡಿದೆ ಎಂಬುದನ್ನು ತೋರಿಸಿ, ಈ ಪಲ್ಲಟದಿಂದ ಗ್ರಂಥಸಂಪಾದನೆಗೂ ವೈದ್ಯಕೀಯ ಬರವಣಿಗೆಗೂ ಒದಗಿರುವ ತೊಡಕುಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಕುಸುಮ ಶಬ್ದದ ವಿಶೇಷತೆ ಅರಿವಾಗಬೇಕಾದರೆ ನಮ್ಮ ವೈದ್ಯ ಪರಂಪರೆ ರಕ್ತ ಹರಿಯುವ ಸ್ಥಿತಿಯನ್ನು ಬೇರೆ ಯಾವ ಯಾವ ಪದಗಳಿಂದ ಕರೆದಿದೆ ಎಂಬುದನ್ನು ಮೊದಲು ನೋಡಬೇಕು. ‘ರಕ್ತ’ವೆಂಬ ಪದವೇ ಒಂದು ಬಗೆಯ ಮರೆಯ ಮಾತು. ‘ರಂಜ್’ ಧಾತುವಿನಿಂದ ಬಂದ ಈ ಶಬ್ದಕ್ಕೆ ಬಣ್ಣ ಹಚ್ಚಿದ್ದು, ಕೆಂಪಾದದ್ದು ಎಂಬುದೇ ಮೂಲಾರ್ಥ. ಲೋಹಿತ, ಶೋಣಿತ, ರುಧಿರ ಎಂಬಿವೂ ಕೆಂಪಿನ ಕಡೆಗೇ ಕೈಮಾಡುತ್ತವೆ. ಹಳಗನ್ನಡದ ‘ಕೆನ್ನೀರ್’ ಎಂಬ ಸಮಾಸದ ಜಾಡೂ ಅದೇ. ದ್ರಾವಿಡದ ‘ನೆತ್ತರ್’ ಮಾತ್ರ ಬಣ್ಣದ ಹಂಗಿಲ್ಲದೆ ನಿಂತಿರುವ ಪದ; ಯುದ್ಧದಲ್ಲಿ ಮಡಿದ ವೀರನ ಮನೆಯವರಿಗೆ ಕೊಡುತ್ತಿದ್ದ ಭೂಮಿಯನ್ನು ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಾಗ ಆ ಪದದ ನೇರತೆ ಎದ್ದು ಕಾಣುತ್ತದೆ. ವೈದ್ಯಗ್ರಂಥಗಳ ಪಾರಿಭಾಷಿಕದಲ್ಲಿ ಮೇಲುಗೈ ಪಡೆದದ್ದು ಸಂಸ್ಕೃತದ ರಕ್ತ.

ಆಯುರ್ವೇದದಲ್ಲಿ ಗಾಯದ ಕಾರಣವಿಲ್ಲದೆ ರಕ್ತ ಹೊರಬೀಳುವ ವ್ಯಾಧಿಗೆ ‘ರಕ್ತಪಿತ್ತ’ವೆಂದು ಹೆಸರು. ಚರಕಸಂಹಿತೆಯ ನಿದಾನಸ್ಥಾನದ 2ನೆಯ ಅಧ್ಯಾಯ, ಚಿಕಿತ್ಸಾಸ್ಥಾನದ 4ನೆಯ ಅಧ್ಯಾಯ, ಸುಶ್ರುತಸಂಹಿತೆಯ ಉತ್ತರತಂತ್ರದ 45ನೆಯ ಅಧ್ಯಾಯ ಇದಕ್ಕೇ ಮೀಸಲಾಗಿವೆ. ಮಾಧವನಿದಾನದಲ್ಲಿಯೂ ಪ್ರತ್ಯೇಕ ಪ್ರಕರಣವಿದೆ. ಚರಕನು ನಿದಾನಸ್ಥಾನದಲ್ಲಿ ಇದನ್ನು ‘ಲೋಹಿತಪಿತ್ತ’ವೆಂದೂ ಕರೆದು, ಆ ಹೆಸರು ಬರಲು ಕಾರಣವನ್ನು ತಾನೇ ಹೇಳುತ್ತಾನೆ: ಕೆರಳಿದ ಪಿತ್ತ ರಕ್ತದೊಡನೆ ಬೆರೆಯುತ್ತದೆ, ರಕ್ತವನ್ನು ಕೆಡಿಸುತ್ತದೆ, ರಕ್ತದ ಗಂಧವರ್ಣಗಳನ್ನೇ ತಾನೂ ತಾಳುತ್ತದೆ. ಅಂದರೆ ಇದು ರಕ್ತದ ವೇಷದಲ್ಲಿ ಬರುವ ಪಿತ್ತ. ಸಮಾಸದ ಪ್ರಧಾನ ಪದ ಪಿತ್ತವೇ ಹೊರತು ರಕ್ತವಲ್ಲ. ಚಕ್ರಪಾಣಿದತ್ತನು ಈ ಸಮಾಸವನ್ನು ರಕ್ತಯುಕ್ತವಾದ ಪಿತ್ತ, ರಕ್ತವೆಂಬ ದೂಷ್ಯದಲ್ಲಿರುವ ಪಿತ್ತ, ರಕ್ತದಂತಿರುವ ಪಿತ್ತ ಎಂದು ಮೂರು ಬಗೆಯಾಗಿ ಬಿಡಿಸುವುದಕ್ಕೆ ಆಧಾರ ಈ ಮಾತೇ. ಇನ್ನು ಕೆಲವು ವ್ಯಾಖ್ಯಾನಕಾರರು ದ್ವಂದ್ವ ಸಮಾಸವನ್ನೂ ಒಪ್ಪುತ್ತಾರೆ. ವ್ಯಾಕರಣದ ಈ ಚರ್ಚೆ ಬರಿಯ ಪಾಂಡಿತ್ಯವಲ್ಲ. ಪಿತ್ತವೇ ಮೂಲವೆಂದು ಒಪ್ಪಿದರೆ ಚಿಕಿತ್ಸೆ ಪಿತ್ತದ ಕಡೆಗೆ ತಿರುಗಬೇಕು. ಬಲವುಳ್ಳ ರೋಗಿಯಲ್ಲಿ ರಕ್ತವನ್ನು ಮೊದಲಲ್ಲೇ ತಡೆಯಬಾರದು ಎಂದೂ, ಮೇಲ್ಮುಖವಾಗಿ ಹರಿದರೆ ವಿರೇಚನ, ಕೆಳಮುಖವಾಗಿ ಹರಿದರೆ ವಮನ ಎಂದೂ ಶಾಸ್ತ್ರ ವಿಧಿಸುವುದು ಇದರಿಂದಲೇ. ಕಣ್ಣು, ಕಿವಿ, ಮೂಗು, ಬಾಯಿಗಳೆಂಬ ಊರ್ಧ್ವಮಾರ್ಗ, ಮಲಮೂತ್ರಗಳ ಅಧೋಮಾರ್ಗ, ಕೊನೆಗೆ ರೋಮಕೂಪಗಳೂ ಸೇರಿದಂತೆ ಎರಡೂ ಕಡೆ ಎಂಬ ವಿಭಾಗವೂ, ಅವು ಕ್ರಮವಾಗಿ ಸಾಧ್ಯ, ಯಾಪ್ಯ, ಅಸಾಧ್ಯ ಎಂಬ ನಿರ್ಣಯವೂ ಆ ಪದದೊಳಗೆ ಅಡಗಿವೆ. ಆಡುಸೋಗೆ ಈ ವ್ಯಾಧಿಯ ಪ್ರಸಿದ್ಧ ಔಷಧ.

ಮೋನಿಯರ್ ವಿಲಿಯಮ್ಸರ 1899ರ ಸಂಸ್ಕೃತ ನಿಘಂಟು ಈ ಪದಕ್ಕೆ ಬಾಯಿ ಮೂಗುಗಳಿಂದ ತಾನಾಗಿ ರಕ್ತ ಬೀಳುವುದು ಎಂಬ ಅರ್ಥವನ್ನು ಕೊಡುವಾಗ ಅಧೋಮಾರ್ಗ ಪೂರ್ತಿಯಾಗಿ ಬಿಟ್ಟುಹೋಗಿದೆ. ಹಳೆಯ ವೈದ್ಯಪದಗಳಿಗೆ ಒಂದೇ ಸಾಲಿನ ಅರ್ಥ ಬರೆದು ಮುಗಿಸುವುದರ ಅಪಾಯಕ್ಕೆ ಇದು ಚಿಕ್ಕ ನಿದರ್ಶನ. ನಮ್ಮ ಜನರ ಮಾತಿನಲ್ಲಾದರೋ ಶಾಸ್ತ್ರದ ಎಳೆ ಇನ್ನೂ ಹರಿದಿಲ್ಲ. ಬೇಸಿಗೆಯಲ್ಲಿ ಹುಡುಗನ ಮೂಗಿನಿಂದ ರಕ್ತ ಬಂದರೆ ಮನೆಯ ಹಿರಿಯರು ‘ಉಷ್ಣವಾಗಿದೆ’ ಎನ್ನುತ್ತಾರೆ. ರಕ್ತದ ಹಿಂದೆ ಪಿತ್ತವನ್ನು ಕಾಣುವ ಚರಕನ ದೃಷ್ಟಿಯೇ ಅಲ್ಲಿ ಬೇರೆ ಹೆಸರಿನಿಂದ ಮಾತನಾಡುತ್ತಿದೆ.

ರಕ್ತಪಿತ್ತ ಕಾರಣವನ್ನು ಹೇಳುವ ಪದವಾದರೆ, ‘ರಕ್ತಸ್ರಾವ’ ಕೇವಲ ಕ್ರಿಯೆಯನ್ನು ಹೇಳುವ ಪದ. ‘ಸ್ರು’ ಧಾತುವಿಗೆ ಹರಿಯುವುದು, ಸೋರುವುದು ಎಂದರ್ಥ. ಇದರ ಪ್ರೇರಣಾರ್ಥಕ ರೂಪದಿಂದ ಬಂದ ‘ವಿಸ್ರಾವಣ’ ಸುಶ್ರುತನಲ್ಲಿ ವೈದ್ಯನೇ ಬುದ್ಧಿಪೂರ್ವಕವಾಗಿ ರಕ್ತವನ್ನು ಹೊರತೆಗೆಯುವ ಕರ್ಮ. ಸೂತ್ರಸ್ಥಾನದ 13ನೆಯ ಅಧ್ಯಾಯದಲ್ಲಿ ಜಿಗಣೆಗಳ ಪ್ರಯೋಗವನ್ನು ಹೇಳಿ, 14ನೆಯ ಅಧ್ಯಾಯದಲ್ಲಿ ಹರಿಯುವ ರಕ್ತವನ್ನು ನಿಲ್ಲಿಸಲು ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳನ್ನು ಅವನು ಕೊಡುತ್ತಾನೆ. ಇವುಗಳಲ್ಲಿ ‘ಸ್ಕಂದನ’ಕ್ಕೆ ಕನ್ನಡ ಕೊಟ್ಟ ಪದ ಅಡುಗೆಮನೆಯದು: ಹೆಪ್ಪುಗಟ್ಟುವುದು. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವ ಅನುಭವವೇ ರಕ್ತಕ್ಕೂ ಸಂದಿದೆ. ಈ ಪದಕ್ಕಿಂತ ಸಮರ್ಥವಾದ ವೈದ್ಯಕೀಯ ಪದವನ್ನು ಯಾವ ಸಮಿತಿಯೂ ಟಂಕಿಸಲಾರದು.

ಗ್ರೀಕಿನಲ್ಲಿ ರಕ್ತಸ್ರಾವಕ್ಕೆ ಇರುವ ಪದದ ಜಾಡು ಬೇರೆ. ‘ಹೆಮರೇಜ್’ ಎಂಬುದರ ಮೂಲವಾದ ಗ್ರೀಕ್ ಸಮಾಸದಲ್ಲಿ ‘ಹೈಮ’ ಎಂದರೆ ರಕ್ತ. ಉತ್ತರಪದ ಒಡೆಯುವುದು, ಸಿಡಿಯುವುದು ಎಂಬರ್ಥದ ಧಾತುವಿನಿಂದ ಬಂದದ್ದು. ಮೂಲವ್ಯಾಧಿಗೆ ಗ್ರೀಕರು ಇಟ್ಟ ‘ಹೆಮರಾಯ್ಡ್’ ಎಂಬುದರಲ್ಲಿ ಮಾತ್ರ ಹರಿಯುವ ಅರ್ಥದ ಧಾತುವಿದೆ. ಹೀಗೆ ಅವರಲ್ಲಿ ಒಡೆಯುವುದೂ ಹರಿಯುವುದೂ ಬೇರೆ ಬೇರೆ ಪದಗಳಾದವು. ಸಂಸ್ಕೃತದಲ್ಲಿ ಒಡೆಯುವ ಅರ್ಥವುಳ್ಳ ಪದವಿಲ್ಲವೆ? ಉಂಟು. ಅದೇ ‘ಪ್ರದರ’, ‘ಅಸೃಗ್ದರ’. ಸೀಳುವುದು ಎಂಬರ್ಥದ ‘ದೃ’ ಧಾತುವಿನಿಂದ ಬಂದ ಈ ಪದಗಳನ್ನು ಚರಕನು ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯದಲ್ಲಿ, ರಜಸ್ಸು ಒಡೆದು ಹರಿಯುವುದರಿಂದ ಪ್ರದರ ಎಂದು ನಿರ್ವಚಿಸುತ್ತಾನೆ. ಆದರೆ ಗ್ರೀಕಿನಲ್ಲಿ ಎಲ್ಲ ರಕ್ತಸ್ರಾವಕ್ಕೂ ಸಲ್ಲುವ ಒಡೆತದ ಕಲ್ಪನೆ ಇಲ್ಲಿ ಸ್ತ್ರೀಯರ ಅತಿಸ್ರಾವಕ್ಕೆ ಮಾತ್ರ ಮೀಸಲಾಯಿತು. ಹೆಂಗಸರ ರಕ್ತಕ್ಕೆ ಪ್ರತ್ಯೇಕ ಪದಕೋಶವನ್ನೇ ಕಟ್ಟಿಕೊಡುವ ಪ್ರವೃತ್ತಿಯನ್ನು ಇಲ್ಲಿಂದಲೇ ಗುರುತಿಸಬಹುದು.

ಪ್ರಾಸಂಗಿಕವಾಗಿ ಒಂದು ಮಾತು. ಕಚ್ಚಿದರೆ ಮೈಯ ದ್ವಾರಗಳಿಂದೆಲ್ಲ ರಕ್ತ ಹರಿಸುವ ಒಂದು ಹಾವನ್ನು ಗ್ರೀಕ್ ಕವಿ ನಿಕಾಂಡರ್ ತನ್ನ ವಿಷವೈದ್ಯ ಕಾವ್ಯದಲ್ಲಿ ರಕ್ತಸ್ರಾವದ ಹೆಸರಿನಿಂದಲೇ ಕರೆದಿದ್ದಾನೆ. ಸುಶ್ರುತನ ಕಲ್ಪಸ್ಥಾನದಲ್ಲಿ ಪಿತ್ತವನ್ನು ಕೆರಳಿಸುವ ಹಾವುಗಳು ‘ಮಂಡಲಿ’ಗಳು, ನಮ್ಮ ‘ಕೊಳಕುಮಂಡಲ’ ಆ ಹೆಸರನ್ನು ಇಂದಿಗೂ ಹೊತ್ತಿದೆ. 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ದಂಥ ವಿಷವೈದ್ಯ ಗ್ರಂಥವನ್ನು ಹೊಂದಿರುವ ಕನ್ನಡಕ್ಕೆ ಈ ಸಂಬಂಧ ಅಪರಿಚಿತವಲ್ಲ. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಅಂಶಗಳನ್ನು ಕೆರಳಿಸಿ, ಬರಿದುಮಾಡಿ, ಆ ಮೂಲಕ ರಕ್ತಸ್ರಾವ ಉಂಟುಮಾಡುತ್ತದೆ ಎಂಬುದು ಇಂದಿನ ತಿಳಿವಳಿಕೆ. 1934ರಲ್ಲಿ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಎಂಬ ಇಂಗ್ಲೆಂಡಿನ ಸಂಶೋಧಕರು ಇದೇ ವಿಷವನ್ನು ಬಹಳ ತೆಳುವಾಗಿಸಿ ಹಿಮೋಫಿಲಿಯ ರೋಗಿಗಳ ಗಾಯದ ಮೇಲೆ ಹಚ್ಚಿ ರಕ್ತ ನಿಲ್ಲಿಸುವ ಸಾಧ್ಯತೆಯನ್ನು ಪ್ರಕಟಿಸಿದರು.

2

ಇನ್ನು ಕುಸುಮ. ಅಮರಕೋಶದ ಮನುಷ್ಯವರ್ಗದಲ್ಲಿ ಸ್ತ್ರೀಯರ ರಜಸ್ಸಿಗೆ ‘ಪುಷ್ಪ’, ‘ಆರ್ತವ’ ಎಂಬ ಪರ್ಯಾಯಗಳಿವೆ. ರಜಸ್ವಲೆಗೆ ‘ಪುಷ್ಪವತೀ’ ಎಂಬುದೂ ಒಂದು ಹೆಸರು. ಹೂವಿನ ನಂತರ ಕಾಯಿ, ರಜಸ್ಸಿನ ನಂತರ ಗರ್ಭ ಎಂಬ ಸಾದೃಶ್ಯವೇ ಇದರ ಹಿನ್ನೆಲೆ. ‘ಆರ್ತವ’ವು ಋತುವಿನಿಂದ ಬಂದ ಶಬ್ದವಾದುದರಿಂದ ಅದೂ ಸಸ್ಯಜೀವನದ ಆವರಣದ್ದೇ. ‘ಕುಸುಮ’ವು ‘ಪುಷ್ಪ’ದ ಪರ್ಯಾಯವಾದ ಕಾರಣ ಅದರ ಈ ಅರ್ಥವನ್ನೂ ಪಡೆಯಿತು. ಸಂಸ್ಕೃತ ನಿಘಂಟುಗಳು ಕುಸುಮ ಶಬ್ದಕ್ಕೆ ಹೂವು, ಹಣ್ಣು ಎಂಬ ಅರ್ಥಗಳ ಜೊತೆಗೆ ಸ್ತ್ರೀರಜಸ್ಸು, ಒಂದು ಬಗೆಯ ನೇತ್ರರೋಗ ಎಂಬ ಎರಡು ಅರ್ಥಗಳನ್ನೂ ಕೊಡುತ್ತವೆ. ಕೊನೆಯ ಅರ್ಥ ಕನ್ನಡಿಗರಿಗೆ ವಿಶೇಷವಾಗಿ ಪರಿಚಿತ. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಮೂಡಿದರೆ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತೇವೆ. ಆದುದರಿಂದ ಹೂವು ರೋಗವಾಚಕವಾಗುವುದು ನಮ್ಮ ಭಾಷಾಪ್ರಜ್ಞೆಗೆ ಹೊರಗಿನ ಮಾತಲ್ಲ. ಆದರೆ ಆ ಪ್ರಯೋಗಗಳಲ್ಲಿ ಎಲ್ಲಿಯೂ ಹೂವಿನ ನಾಜೂಕುತನ ವಿವಕ್ಷಿತವಲ್ಲ ಎಂಬುದನ್ನು ಗಮನಿಸಬೇಕು. ಒಂದೆಡೆ ಹೂವಿನ ಆಕಾರ, ಇನ್ನೊಂದೆಡೆ ಅರಳಿ ಉದುರುವ ಅದರ ಧರ್ಮ ಸಾಮ್ಯಕ್ಕೆ ಆಧಾರ.

ಅಚ್ಚಗನ್ನಡ ಈ ವಿಷಯದಲ್ಲಿ ಹೂವಿನ ಹಾದಿಯನ್ನು ಹಿಡಿಯಲಿಲ್ಲ. ‘ಮೈನೆರೆ’, ‘ಮುಟ್ಟಾಗು’, ‘ಹೊರಗಾಗು’, ಉತ್ತರ ಕರ್ನಾಟಕದ ‘ಕಡಿಗಾಗು’ ಮೊದಲಾದ ಪ್ರಯೋಗಗಳಲ್ಲಿ ರಕ್ತವೂ ಇಲ್ಲ, ಹೂವೂ ಇಲ್ಲ. ಒಂದು ದೇಹದ ಪೂರ್ಣತೆಯನ್ನು ಹೇಳಿದರೆ ಉಳಿದವು ಹೆಂಗಸು ಕುಳಿತುಕೊಳ್ಳಬೇಕಾದ ಜಾಗವನ್ನೂ, ಮುಟ್ಟು ಮೈಲಿಗೆಯ ಸಾಮಾಜಿಕ ವಿಧಿಯನ್ನೂ ಹೇಳುತ್ತವೆ. ಸಂಸ್ಕೃತ ಹೂವಿನಿಂದ ಮುಚ್ಚಿದ್ದನ್ನು ಕನ್ನಡ ಹೊಸ್ತಿಲಿನಿಂದ ಮುಚ್ಚಿತು. ಎರಡರಲ್ಲಿಯೂ ಆರೋಗ್ಯದ ಸ್ರಾವ ಯಾವುದು, ರೋಗದ ಸ್ರಾವ ಯಾವುದು ಎಂದು ಹೇಳಲು ಬೇರೆ ಪದ ಬೇಕಾಯಿತು. ಸಂಸ್ಕೃತದಲ್ಲಿ ಆ ಕೆಲಸವನ್ನು ಪ್ರದರ ಮಾಡಿತು. ಪ್ರದರವೆಂಬ ಪಂಡಿತಪದವನ್ನು ಒಲ್ಲದ ಕನ್ನಡ ಬರವಣಿಗೆಯಲ್ಲಿ ‘ಕುಸುಮ’ಕ್ಕೆ ‘ರೋಗ’ವನ್ನು ಅಂಟಿಸುವ ಉಪಾಯ ಕಾಣಿಸಿಕೊಳ್ಳುತ್ತದೆ.

ಈ ಉಪಾಯದ ಅತ್ಯಂತ ಸ್ಪಷ್ಟವಾದ, ಅತ್ಯಂತ ಹೆಚ್ಚು ಜನ ಓದಿರುವ ನಿದರ್ಶನ ಕನ್ನಡ ಬೈಬಲಿನದು. 19ನೆಯ ಶತಮಾನದ ಆರಂಭದ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಆರಂಭಿಸಿದ ಅನುವಾದಕಾರ್ಯ ಮುಂದೆ ಹಲವು ಪರಿಷ್ಕರಣಗಳನ್ನು ಕಂಡಿತು. ಬಹುಕಾಲದಿಂದ ಬಳಕೆಯಲ್ಲಿರುವ ‘ಸತ್ಯವೇದವು’ ಪಾಠದಲ್ಲಿ, ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ ಯೇಸುವಿನ ಉಡುಪಿನ ಅಂಚನ್ನು ಮುಟ್ಟಿ ಗುಣಹೊಂದಿದ ಸ್ತ್ರೀಯ ಪ್ರಸಂಗ ಬರುವೆಡೆ, ಆಕೆಯ ವ್ಯಾಧಿಗೆ ಕೊಟ್ಟಿರುವ ಹೆಸರು ‘ರಕ್ತಕುಸುಮರೋಗ’. ಮೂಲ ಗ್ರೀಕಿನಲ್ಲಿ ಮತ್ತಾಯನು ರಕ್ತ ಮತ್ತು ಹರಿಯುವಿಕೆಗಳು ಕೂಡಿದ ಒಂದೇ ಕೃದಂತವನ್ನು ಬಳಸಿದರೆ, ಮಾರ್ಕ ಲೂಕರು ರಕ್ತದ ಹರಿವು ಎಂದು ಬಿಡಿಸಿ ಬರೆದಿದ್ದಾರೆ. ಮೂವರಲ್ಲಿಯೂ ಹೂವಿನ ಸುಳಿವಿಲ್ಲ. ಅಂದಮೇಲೆ ಕುಸುಮ ಎಂಬುದು ಅನುವಾದಕರು, ಅವರಿಗಿಂತ ಮುಖ್ಯವಾಗಿ ಅವರ ಜೊತೆಗೆ ಕುಳಿತ ಕನ್ನಡ ಪಂಡಿತರು, ಈ ನೆಲದ ಪದಸಂಪತ್ತಿಯಿಂದ ತೆಗೆದುಕೊಟ್ಟದ್ದು. ಮುಚ್ಚುಮರೆಯಿಲ್ಲದ ಮೂಲದ ಮಾತನ್ನು ದೇವಾಲಯದಲ್ಲಿ ಗಟ್ಟಿಯಾಗಿ ಓದಬಹುದಾದ ಗೌರವದ ಮಾತನ್ನಾಗಿ ಮಾಡುವ ಕೌಶಲ ಅದರಲ್ಲಿದೆ.

ಇಂಗ್ಲಿಷ್ ಬಲ್ಲ ಪಾದ್ರಿಗಳಿಗೆ ಈ ಹೂವು ಪರಕೀಯವೆನಿಸಿರಲಾರದು. 1611ರ ಇಂಗ್ಲಿಷ್ ಬೈಬಲಿನ ಯಾಜಕಕಾಂಡದ 15ನೆಯ ಅಧ್ಯಾಯದಲ್ಲಿ ಸ್ತ್ರೀಯರ ಋತುಸ್ರಾವಕ್ಕೆ ಬಳಸಿರುವ ಪದ ‘ಫ್ಲವರ್ಸ್’ ಎಂದೇ ಇದೆ. ಫ್ರೆಂಚಿನಿಂದ ಬಂದ ಈ ಪ್ರಯೋಗದ ಹಿಂದೆ ಹರಿವು ಎಂಬರ್ಥದ ಲ್ಯಾಟಿನ್ ಮೂಲದ ಪದವಿದ್ದು, ಧ್ವನಿಸಾಮ್ಯದಿಂದ ಅದು ಹೂವಾಯಿತೆಂದು ನಿರುಕ್ತಿಕಾರರು ಹೇಳುತ್ತಾರೆ. ಸಂಸ್ಕೃತದ ಪುಷ್ಪ ಹುಟ್ಟಿದ್ದು ಫಲದ ಸಾದೃಶ್ಯದಿಂದ. ಹುಟ್ಟು ಬೇರೆಯಾದ ಎರಡು ಹೂವುಗಳು ಅನುವಾದದ ಮೇಜಿನ ಮೇಲೆ ಪರಸ್ಪರ ಗುರುತು ಹಿಡಿದಿರಬೇಕು ಎಂಬುದು ನನ್ನ ಊಹೆ. ಪದದ ಮೂಲಕ್ಕೆ ಮಾತ್ರ ಸಂಸ್ಕೃತವೊಂದೇ ಸಾಕು.

‘ರಕ್ತಕುಸುಮ’ ಎಂಬ ಸಮಾಸವನ್ನು ಬಿಡಿಸುವಲ್ಲಿಯೂ ಎಚ್ಚರ ಬೇಕು. ರಕ್ತವಾದ, ಅಂದರೆ ಕೆಂಪಾದ, ಕುಸುಮ ಎಂದು ಕರ್ಮಧಾರಯವಾಗಿ ಬಿಡಿಸಿದರೆ ಅದು ಕೆಂಪು ಹೂವು. ಬಹುವ್ರೀಹಿಯಾದರೆ ಕೆಂಪು ಹೂ ಬಿಡುವ ಗಿಡ. ‘ರೋಗ’ ಪದ ಮುಂದೆ ಬಂದಾಗ ರಕ್ತರೂಪವಾದ ಕುಸುಮ, ಅಂದರೆ ರಜಸ್ಸು, ಅದರ ರೋಗ ಎಂದೇ ಬಿಡಿಸಬೇಕು. ಈ ಮೂರು ಪದಗಳಲ್ಲಿ ವೈದ್ಯಕೀಯ ಅರ್ಥದ ಭಾರವನ್ನು ಹೊತ್ತಿರುವುದು ನಡುವಿನ ಪದ. ಮುಂದೆ ಉದುರಿಹೋದದ್ದು ಮೊದಲನೆಯ ಪದ.

3

ಹಿಮೋಫಿಲಿಯದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಸುನ್ನತಿಯಿಂದ ಇಬ್ಬರು ಮಕ್ಕಳು ರಕ್ತ ಹರಿದು ತೀರಿಕೊಂಡರೆ ಮೂರನೆಯವನಿಗೆ ಅದನ್ನು ಮಾಡಬಾರದೆಂಬ ಯೆಹೂದಿ ತಾಲ್ಮುದಿನ ವಿಧಿ ಈ ರೋಗದ ಅತಿ ಹಳೆಯ ಉಲ್ಲೇಖವೆಂದು ಪ್ರಸಿದ್ಧವಾಗಿದೆ. ಅಮೆರಿಕದ ವೈದ್ಯ ಜಾನ್ ಕಾನ್ರಡ್ ಆಟೊ 1803ರಲ್ಲಿ ಕೆಲವು ಕುಟುಂಬಗಳ ರಕ್ತಸ್ರಾವದ ಪ್ರವೃತ್ತಿಯನ್ನು ವಿವರಿಸುತ್ತ, ಗಂಡಸರು ಮಾತ್ರ ಇದಕ್ಕೆ ಗುರಿಯಾಗುತ್ತಾರೆ, ಹೆಂಗಸರು ತಾವು ಮುಕ್ತರಾಗಿದ್ದರೂ ಮಕ್ಕಳಿಗೆ ದಾಟಿಸುತ್ತಾರೆ ಎಂದು ಬರೆದನು. 1828ರಲ್ಲಿ ಷೋನ್‌ಲೈನ್‌ನ ಶಿಷ್ಯ ಹಾಪ್ಫ್ ತನ್ನ ಪ್ರೌಢಪ್ರಬಂಧದ ಶೀರ್ಷಿಕೆಯಲ್ಲಿ ‘ಹಿಮೋಫಿಲಿಯ’ ಪದವನ್ನು ಬಳಸಿದನು. ಅಕ್ಷರಶಃ ನೋಡಿದರೆ ಇದರ ಅರ್ಥ ರಕ್ತಪ್ರೀತಿ. ರೋಗಕ್ಕೆ ಇಂಥ ಅಸಂಗತವಾದ ಹೆಸರು ಬಂದದ್ದು ರಕ್ತಸ್ರಾವದ ಒಲವು ಎಂಬರ್ಥದ ಇನ್ನೂ ಉದ್ದವಾದ ಸಮಾಸದ ನಡುವಿನ ಭಾಗ ಸವೆದುಹೋದುದರಿಂದ ಎಂದು ವಿವರಿಸಲಾಗಿದೆ. ಗ್ರೀಕಿನಲ್ಲಿ ಸವೆದುಹೋದದ್ದು ಸ್ರಾವ, ಕನ್ನಡದಲ್ಲಿ ಸವೆದುಹೋದದ್ದು ರಕ್ತ. ಎರಡು ಭಾಷೆಗಳಲ್ಲಿಯೂ ಮುಖ್ಯಾಂಗವನ್ನೇ ಕಳೆದುಕೊಂಡ ಸಮಾಸಗಳು ರೋಗದ ಹೆಸರಾಗಿ ನಿಂತಿವೆ.

ರಕ್ತಕುಸುಮ ಎಂಬುದು ಅತಿ ರಕ್ತಸ್ರಾವವೆಂಬ ಸಾಮಾನ್ಯ ಅರ್ಥಕ್ಕೆ ಹಿಗ್ಗಿ, ಆ ಬಳಿಕ ಹಿಮೋಫಿಲಿಯವೆಂಬ ಒಂದೇ ರೋಗಕ್ಕೆ ಕುಗ್ಗಿತು. ಅರ್ಥವಿಸ್ತಾರದ ನಂತರ ಅರ್ಥಸಂಕೋಚ ಆಗುವುದು ಭಾಷಾಶಾಸ್ತ್ರಕ್ಕೆ ಹೊಸತಲ್ಲ. ಇಲ್ಲಿನ ವಿಶೇಷವೆಂದರೆ, ಪ್ರಯಾಣದ ಕೊನೆಯಲ್ಲಿ ಪದ ತಾನು ಹೊರಟ ಸ್ಥಳವನ್ನೇ ಮರೆತದ್ದು. ಎಕ್ಸ್ ವರ್ಣತಂತುವಿನಲ್ಲಿರುವ ದೋಷದಿಂದ ಬರುವ ಕಾರಣ ಹಿಮೋಫಿಲಿಯ ಬಹುಪಾಲು ಗಂಡುಮಕ್ಕಳಲ್ಲಿ ಕಾಣುತ್ತದೆ. ಎಂಟನೆಯ ಅಂಶದ ಕೊರತೆಯ ಪ್ರಕಾರ ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕಿರುತ್ತದೆ. ಒಂಬತ್ತನೆಯ ಅಂಶದ ಕೊರತೆ ಇನ್ನೂ ವಿರಳ. ಸ್ತ್ರೀರಜಸ್ಸಿನ ಹೆಸರು ಗಂಡುಮಕ್ಕಳ ರೋಗಕ್ಕೆ ಅಂಟಿಕೊಂಡಿತು. ಹೆಂಗಸರ ಅತಿಸ್ರಾವಕ್ಕೆ ಅದು ಈಗ ದೊರೆಯದು.

ಹಾಗೆಂದು ಈ ಪದವನ್ನು ನಾನು ಪೂರ್ತಿಯಾಗಿ ದೂಷಿಸಲಾರೆ. ‘ರಕ್ತಸ್ರಾವರೋಗ’ ಎಂದು ಕರೆದಿದ್ದರೆ ಹೆಚ್ಚು ಶಾಸ್ತ್ರೀಯವಾಗುತ್ತಿತ್ತೆಂದು ತೋರಬಹುದು. ಆದರೆ ಈ ರೋಗದಲ್ಲಿ ಅತ್ಯಂತ ಹೆಚ್ಚು ಹಾನಿಮಾಡುವ ಸ್ರಾವ ಹೊರಗೆ ಕಾಣುವುದಿಲ್ಲ. ಮೊಣಕಾಲು, ಮೊಣಕೈ, ಹರಡಿನ ಕೀಲುಗಳ ಒಳಗೆ, ಸ್ನಾಯುಗಳ ಒಳಗೆ ರಕ್ತ ತುಂಬಿ ಊತ ಬರುತ್ತದೆ, ಮತ್ತೆ ಮತ್ತೆ ಹೀಗಾದರೆ ಕೀಲು ಬಿಗಿದು ಅಂಗವೈಕಲ್ಯ ಉಳಿಯುತ್ತದೆ. ಸ್ರಾವ ಎಂಬ ಪದ ಸೋರುವ ರಕ್ತದ ಚಿತ್ರವನ್ನೇ ಮನಸ್ಸಿಗೆ ತರುವುದರಿಂದ, ಊದಿದ ಮೊಣಕಾಲನ್ನು ವಾಯುವೆಂದೋ ಉಳುಕೆಂದೋ ತಿಳಿದು ಎಣ್ಣೆ ನೀವಿಸುವ ತಾಯಿತಂದೆಗೆ ಅದು ತಪ್ಪುದಾರಿ ತೋರಿಸಬಹುದು. ಅರ್ಥ ಹೊಳೆಯದ ‘ಕುಸುಮ’ ಕನಿಷ್ಠಪಕ್ಷ ಅಂಥ ತಪ್ಪು ಚಿತ್ರವನ್ನು ಕೊಡುವುದಿಲ್ಲ. ಕೆಲವೊಮ್ಮೆ ಪಾರದರ್ಶಕ ಪದಕ್ಕಿಂತ ಮಬ್ಬಾದ ಪದವೇ ಮೇಲು. ವೈದ್ಯಕ ಪದಗಳ ಹುಟ್ಟು ರಚನೆಗಳನ್ನು ಕುರಿತು ಕನ್ನಡದಲ್ಲಿ ದುಡಿದ ಡಾ. ಡಿ.ಎಸ್. ಶಿವಪ್ಪ ಅವರಂಥವರ ಪರಿಶ್ರಮದ ನಂತರವೂ, ಪದ ಪಾರದರ್ಶಕವಾಗಿದ್ದರೆ ಸಾಕು ಎಂಬ ಸರಳ ನಂಬಿಕೆ ನಮ್ಮ ಪರಿಭಾಷಾ ಚರ್ಚೆಗಳಲ್ಲಿ ಉಳಿದಿದೆ. ಅದನ್ನು ಮರುವಿಚಾರಿಸಲು ಕುಸುಮರೋಗ ಒಳ್ಳೆಯ ನಿದರ್ಶನ.

ಇದೇ ರೀತಿ, ಚರಕನ ರಕ್ತಪಿತ್ತವೇ ಇಂದಿನ ಹಿಮೋಫಿಲಿಯ ಎಂದು ಸಮೀಕರಿಸುವ ಬರವಣಿಗೆಯನ್ನೂ ಒಪ್ಪಲಾಗದು. ಸುಶ್ರುತನು ಸೂತ್ರಸ್ಥಾನದ 24ನೆಯ ಅಧ್ಯಾಯದಲ್ಲಿ ತಂದೆತಾಯಿಗಳ ಶುಕ್ರಶೋಣಿತ ದೋಷದಿಂದ ಬರುವ ‘ಆದಿಬಲಪ್ರವೃತ್ತ’ ವ್ಯಾಧಿಗಳೆಂಬ ವರ್ಗವನ್ನೇ ಮಾಡಿ, ಅವುಗಳಲ್ಲಿ ಮಾತೃಜ, ಪಿತೃಜ ಎಂಬ ಭೇದವನ್ನೂ ಹೇಳಿದ್ದಾನೆ. ಅಲ್ಲಿ ಅವನು ಹೆಸರಿಸುವುದು ಕುಷ್ಠ, ಅರ್ಶಸ್ಸುಗಳನ್ನು. ರಕ್ತಪಿತ್ತದ ಕಾರಣಗಳಾಗಿ ಬರುವುದು ಉಷ್ಣ, ತೀಕ್ಷ್ಣ, ಆಮ್ಲ ಪದಾರ್ಥಗಳ ಅತಿಸೇವನೆ ಮೊದಲಾದುವು. ವಂಶದ ಮೂಲಕ ಬರುವ ರೋಗದ ಕಲ್ಪನೆ ಇದ್ದೂ ರಕ್ತಪಿತ್ತವನ್ನು ಅಲ್ಲಿ ಹೆಸರಿಸಿಲ್ಲವೆಂಬುದು ಆ ಪದದ ವ್ಯಾಪ್ತಿ ಬೇರೆ ಎಂಬುದಕ್ಕೆ ಸಾಕಷ್ಟು ಬಲವಾದ ಸೂಚನೆ.

4

ಪದದ ಪಲ್ಲಟದಿಂದ ನಿಜವಾದ ಹಾನಿ ಆಗಿರುವುದು ಎರಡು ಕಡೆ. ಒಂದು, ಹಳೆಯ ಪಠ್ಯಗಳ ಓದಿನಲ್ಲಿ. ಇಂದಿನ ಅರ್ಥವನ್ನು ಮಾತ್ರ ಬಲ್ಲ ವಿದ್ಯಾರ್ಥಿ ಸತ್ಯವೇದದ ಆ ಪ್ರಸಂಗವನ್ನು ಓದಿದರೆ ಆ ಸ್ತ್ರೀಗೆ ಹಿಮೋಫಿಲಿಯ ಇತ್ತೆಂದು ತಿಳಿಯುತ್ತಾನೆ. ಅಲ್ಲಿಗೆ ಕಥೆಯ ತಿರುಳೇ ಕೈಬಿಟ್ಟುಹೋಗುತ್ತದೆ. ಯಾಜಕಕಾಂಡದ ವಿಧಿಯಂತೆ ಋತುಸ್ರಾವ ನಿಲ್ಲದ ಹೆಂಗಸು ಅಶುದ್ಧಳು. ಅವಳು ಕುಳಿತ ಆಸನವೂ ಅಶುದ್ಧ. ಹನ್ನೆರಡು ವರ್ಷ ಯಾರನ್ನೂ ಮುಟ್ಟಲಾಗದಿದ್ದ ಆಕೆ ಜನರ ನಡುವೆ ನುಗ್ಗಿ ಬಟ್ಟೆಯ ಅಂಚನ್ನು ಮುಟ್ಟಿದ್ದೇ ಅಲ್ಲಿನ ಸಾಹಸ. ‘ಮುಟ್ಟು’ ಎಂಬ ಒಂದೇ ಪದದಲ್ಲಿ ಸ್ಪರ್ಶವನ್ನೂ ಋತುವನ್ನೂ ಹಿಡಿದಿಟ್ಟಿರುವ ಕನ್ನಡ ಭಾಷಿಕನಿಗೆ ಈ ಪ್ರಸಂಗ ಗ್ರೀಕ್ ಓದುಗನಿಗಿಂತಲೂ ಹತ್ತಿರದಲ್ಲಿ ಅರ್ಥವಾಗಬೇಕಾಗಿತ್ತು. ರಕ್ತಕುಸುಮದ ಹಳೆಯ ಅರ್ಥ ಮಾಸಿದ್ದರಿಂದ ಅದು ತಪ್ಪಿಹೋಗುತ್ತಿದೆ.

ಎರಡನೆಯದು ಇನ್ನೂ ಗಂಭೀರ. ಹೆಂಗಸರ ಸ್ರಾವಕ್ಕೆ ಸೌಮ್ಯೋಕ್ತಿಗಳು ಹೇರಳವಾಗಿರುವ ಭಾಷೆಯಲ್ಲಿ, ಅವರ ರಕ್ತವೇ ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ ಎಂಬ ಸಂಗತಿಯನ್ನು ಹೇಳಲು ಪದವಿಲ್ಲ. ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲ್ಲೆಬ್ರಾಂಡ್ 1926ರಲ್ಲಿ ಓಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ ಕಂಡ ರಕ್ತಸ್ರಾವದ ವ್ಯಾಧಿಯನ್ನು ವರ್ಣಿಸಿದನು. ಅದು ಹಿಮೋಫಿಲಿಯದಂತೆ ಗಂಡುಮಕ್ಕಳಿಗೆ ಸೀಮಿತವಾಗಿರಲಿಲ್ಲ. ಅವನು ಮೊದಲು ಪರೀಕ್ಷಿಸಿದ ಬಾಲಕಿ ತನ್ನ ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಋತುಸ್ರಾವದಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಕುಸುಮರೋಗವೆಂಬ ಹೆಸರು ಹಳೆಯ ಅರ್ಥದಲ್ಲಿಯೂ ಹೊಸ ಅರ್ಥದಲ್ಲಿಯೂ ಏಕಕಾಲಕ್ಕೆ ಸಲ್ಲಬಹುದಾಗಿದ್ದ ರೋಗ ಅದೊಂದೇ. ಕನ್ನಡದಲ್ಲಿ ಆ ಹೆಸರು ಬೇರೆಡೆಗೆ ಹೋಗಿದೆ.

ಹಿಮೋಫಿಲಿಯದ ವಿಷಯದಲ್ಲಿಯೂ ಹೆಂಗಸರನ್ನು ಬಹುಕಾಲ ‘ವಾಹಕಿ’ಯರೆಂದಷ್ಟೇ ಕರೆಯಲಾಯಿತು. ತಾನು ನೋಯದೆ ಇನ್ನೊಬ್ಬರಿಗೆ ಹೊತ್ತೊಯ್ಯುವವಳು ಎಂಬ ಧ್ವನಿ ಆ ಪದಕ್ಕಿದೆ. 1803ರ ಆಟೊನ ಹೇಳಿಕೆಯೇ ಅದರಲ್ಲಿ ಮರುದನಿಗೊಡುತ್ತದೆ. ವಾಹಕಿಯರೆನಿಸಿದವರಲ್ಲಿ ಅನೇಕರಿಗೆ ಅಂಶದ ಮಟ್ಟ ಕಡಿಮೆಯಿದ್ದು, ಮುಟ್ಟಿನಲ್ಲಿ, ಹೆರಿಗೆಯಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ಅವರೂ ಅತಿಯಾದ ರಕ್ತಸ್ರಾವಕ್ಕೆ ಗುರಿಯಾಗುತ್ತಾರೆ. 2021ರಲ್ಲಿ ರಕ್ತಸ್ತಂಭನ ತಜ್ಞರ ಅಂತಾರಾಷ್ಟ್ರೀಯ ಸಂಘ ಈ ಪರಿಭಾಷೆಯನ್ನು ಪರಿಷ್ಕರಿಸಿ, ಅಂಶದ ಮಟ್ಟ ಶೇಕಡ 40ಕ್ಕಿಂತ ಕಡಿಮೆಯಿರುವ ಸ್ತ್ರೀಯರನ್ನು ವಾಹಕಿಯರೆನ್ನದೆ ಹಿಮೋಫಿಲಿಯವುಳ್ಳವರೆಂದೇ ಕರೆಯಬೇಕೆಂದು ಸೂಚಿಸಿತು. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಹಿಮೋಫಿಲಿಯವನ್ನು ತನ್ನ 21 ವರ್ಗಗಳಲ್ಲಿ ಸೇರಿಸಿರುವುದರಿಂದ, ರೋಗದ ಹೆಸರು ಈಗ ಪ್ರಮಾಣಪತ್ರದ ಮೇಲೆ ಬರುವ ಹೆಸರೂ ಹೌದು. ಒಂದು ಪದ ಯಾರನ್ನು ಒಳಗೊಳ್ಳುತ್ತದೆ ಎಂಬುದು ಇಲ್ಲಿ ನಿಘಂಟಿನ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ಡಾ. ಅನುಪಮಾ ನಿರಂಜನ ಅವರು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’, ‘ವಧುವಿಗೆ ಕಿವಿಮಾತು’ ಮೊದಲಾದ ಕೃತಿಗಳಲ್ಲಿ ಕನ್ನಡದ ಹೆಂಗಸರೊಡನೆ ಅವರ ದೇಹವನ್ನು ಕುರಿತು ಸಂಕೋಚವಿಲ್ಲದೆ ಮಾತನಾಡಿ ತೋರಿಸಿದ್ದಾರೆ. ಆ ಗದ್ಯದ ಮುಂದೆ ಹೂವಿನ ಮರೆ ಅನಾವಶ್ಯಕವೆನಿಸುತ್ತದೆ.

ಆದುದರಿಂದ ಕುಸುಮರೋಗವನ್ನು ಬದಲಿಸಬೇಕೆಂದು ನಾನು ಸೂಚಿಸುತ್ತಿಲ್ಲ. ರೋಗಿಗಳೂ ಅವರ ಕುಟುಂಬದವರೂ ಒಪ್ಪಿ ಬಳಸುತ್ತಿರುವ ಹೆಸರನ್ನು ವಿದ್ವಾಂಸರು ಕಿತ್ತುಕೊಳ್ಳಬಾರದು. ಸ್ತ್ರೀಯರ ಅತಿಸ್ರಾವಕ್ಕೆ ‘ಅತಿಮುಟ್ಟು’ ಎಂಬ ನೇರವಾದ ಮಾತನ್ನು ಬರವಣಿಗೆಯಲ್ಲಿಯೂ ತರಬಹುದು. ಅದರ ಮೂಲದಲ್ಲಿ ಹೆಪ್ಪುಗಟ್ಟುವಿಕೆಯ ದೋಷವಿದ್ದರೆ ‘ಹೆಪ್ಪುಗಟ್ಟದ ರೋಗ’ ಎನ್ನುವುದರಲ್ಲಿ ನನಗೆ ಯಾವ ಗ್ರಾಮ್ಯತೆಯೂ ಕಾಣದು. ಹಳೆಯ ವೈದ್ಯಗ್ರಂಥ, ತಾಳೆಯೋಲೆಯ ಚಿಕಿತ್ಸಾಸಂಗ್ರಹ, ಮಿಷನರಿ ಸಾಹಿತ್ಯಗಳನ್ನು ಸಂಪಾದಿಸುವವರು ಕುಸುಮ, ಪುಷ್ಪ, ರಕ್ತಕುಸುಮಗಳು ಬಂದೆಡೆ ಶಬ್ದಾರ್ಥಕೋಶದಲ್ಲಿ ಇಂದಿನ ರೋಗದ ಹೆಸರನ್ನು ಕೊಡದೆ ‘ಸ್ತ್ರೀರಜಸ್ಸು’, ‘ರಜಸ್ಸಿನ ಅತಿಸ್ರಾವ’ ಎಂದೇ ಬರೆಯಬೇಕು. ಕಣ್ಣಿನ ಪ್ರಕರಣದಲ್ಲಿ ಬಂದರೆ ‘ಕಣ್ಣಿನ ಹೂ’ ಎಂದು ಬರೆಯಬೇಕು. ಗ್ರಂಥಾಲಯಗಳ ವಿಷಯಸೂಚಿಯಲ್ಲಿ ‘ಕುಸುಮರೋಗ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಎರಡನ್ನೂ ಸೇರಿಸುವುದಕ್ಕಿಂತ, ಹೊಸ ಗ್ರಂಥಗಳನ್ನು ‘ಹಿಮೋಫಿಲಿಯ’ದ ಅಡಿಯಲ್ಲಿಯೂ ಹಳೆಯವನ್ನು ‘ಅಸೃಗ್ದರ’ದ ಅಡಿಯಲ್ಲಿಯೂ ಇರಿಸಿ, ಎರಡು ಕಡೆಯೂ ‘ಕುಸುಮ’ವನ್ನು ಅನ್ವಯ ನಮೂದಾಗಿ ಕೊಡುವುದು ಸಾಧ್ಯ.